ಗೆಣ್ಣು

ಪೆಂಟೆಕೋಸ್ಟ್ ದ್ವೀಪದ ಇಳಿಜಾರಿನಲ್ಲಿ
ಗರಾಯ್ ತಾತ ಕೋಲಿನಿಂದ ಮೆಲ್ಲಗೆ ನೆಲ ಬಗೆಯುತ್ತಾನೆ.
ಗಾಯವಾದ ಬೇರಿಗೆ ಪೇಟೆಯಲ್ಲಿ ಬೆಲೆ ಕಡಿಮೆ.
ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಲೇಮಾರಾ,
ಮಡಿಲ ತುಂಬ ಪ್ಲಾಸ್ಟಿಕ್ ನಳಿಗೆ,
ಒಂದೊಂದರಲ್ಲೂ ತೇವ ಹೀರುವ ನೀಲಿ ಹರಳು.
ಎಲೆ ಚೂರು ಮಾಡಿ ತುಂಬಿ, ಹೆಸರು ಕೇಳುತ್ತಾಳೆ.

"ಇದು ಬೊರೊಗು. ಇದೂ ಬೊರೊಗು, ಆದರೆ ಬೇರೆ.
ಈ ಕರಿಗೆಣ್ಣಿನದು ನನ್ನ ಹೆಂಡತಿಯ ತವರಿನದು,
ಕೋರೆ ಸುತ್ತಿಕೊಂಡ ಹಂದಿಗೆ ಬದಲಾಗಿ ಭಾವ ಕೊಟ್ಟದ್ದು.
ಆ ಚುಕ್ಕೆಯದು ಅಣ್ಣನ ತೋಟದ್ದು, ಅವನು ಸತ್ತ ವರ್ಷ
ಒದ್ದೆ ಚಾಪೆ ಸುತ್ತಿಕೊಂಡು ದೋಣಿಯಲ್ಲಿ ಬಂತು."
ಅವಳು ಬರೆಯುತ್ತಾಳೆ: ನಲವತ್ತೊಂದು, ನಲವತ್ತೆರಡು.

ನಮ್ಮ ಕಡೆಯವರಿಗೆ ಹೇಳುವುದಾದರೆ
ಕರಿಮೆಣಸಿಗೂ ವೀಳ್ಯದೆಲೆಗೂ ದಾಯಾದಿ ಈ ಗಿಡ.
ಅದೇ ಎಲೆ, ಅದೇ ಗಂಟುಗಂಟು ಕಾಂಡ,
ಬಳ್ಳಿಯಾಗಲು ಮಾತ್ರ ಒಪ್ಪದೆ ನೆಟ್ಟಗೆ ನಿಂತಿತು.
ಕಾವಾ ಎನ್ನುತ್ತಾರೆ. ಬೇರನ್ನು ಹವಳದ ಕಲ್ಲಿನಲ್ಲಿ ಅರೆದು,
ಕದಡಿ, ತೆಂಗಿನ ಚಿಪ್ಪಿನಲ್ಲಿ ಕುಡಿದರೆ
ಮೊದಲು ತುಟಿ ಜೋಮು ಹಿಡಿಯುತ್ತದೆ,
ಆಮೇಲೆ ಜಗಳ.

ಹೂ ಬಿಡುತ್ತದೆ, ಕಾಯಿ ಕಟ್ಟದು.
ಎಂದೋ ಬೀಜ ಮರೆತ ಗಿಡ.
ಗೆಣ್ಣು ಮುರಿದು ಕೈಯಿಂದ ಕೈಗೆ,
ದೋಣಿಯಿಂದ ದೋಣಿಗೆ ದಾಟಿಸಿ ನೆಟ್ಟವರೇ
ಅದಕ್ಕೆ ಗಾಳಿ, ದುಂಬಿ, ಹಕ್ಕಿ.

ಪೋರ್ಟ್ ವಿಲಾದಲ್ಲಿ ಶೀತಪೆಟ್ಟಿಗೆ, ಅಲ್ಲಿಂದ ವಿಮಾನ.
ಬ್ರಿಸ್ಬೇನಿನ ಯಂತ್ರವೊಂದು ಮೂರು ರಾತ್ರಿ ಎಚ್ಚರವಿದ್ದು
ನಾಲ್ಕೇ ಅಕ್ಷರದ ವರ್ಣಮಾಲೆ ಗುಣುಗುಣಿಸಿತು.
ಕಷ್ಟವೆಂದರೆ ಈ ಪುಸ್ತಕಕ್ಕೆ ಪ್ರತಿಗಳು ಹತ್ತು;
ನಮಗೆ ಎರಡಿದ್ದಂತೆ ಅದಕ್ಕೆ ಹತ್ತು.
ಒಂದರಲ್ಲಿ ತಪ್ಪಿದ ಕಾಗುಣಿತ ಇನ್ನೊಂದರಲ್ಲಿ ಸರಿ.
ಹತ್ತನ್ನೂ ಹರಿದು, ಗಾಳಿಗೆ ತೂರಿ,
ಯಾವ ಚೂರು ಯಾವುದರದು ಹೇಳು ಎಂದ ಹಾಗೆ.
ಆದರೂ ಸಿಕ್ಕಿತು, ಜೋಮು ಹಿಡಿಸುವ ಸಾರವನ್ನು
ಬೇರಿನ ಕತ್ತಲಲ್ಲಿ ಕೂತು ಕಟ್ಟುವ ಕಿಣ್ವಗಳ ಸಾಲು:
ಒಂದು ಇಟ್ಟಿಗೆ ಎತ್ತಿ ಕೊಡುತ್ತದೆ, ಒಂದು ಉಂಗುರ ಬಾಗಿಸುತ್ತದೆ,
ಮತ್ತೊಂದು ಯಾಕಿದೆಯೋ ಇನ್ನೂ ಗೊತ್ತಿಲ್ಲ.

ಲೇಮಾರಾ ಪರದೆಯ ಮುಂದೆ ತಣ್ಣಗಾದ ಚಹಾ ಕುಡಿಯುತ್ತಾಳೆ.
ತೊಂಗೋವಾದ ಅವಳೂರಲ್ಲಿ ಹೆಂಗಸರು
ನಕಮಾಲಿನ ಹೊಸ್ತಿಲು ದಾಟುವುದಿಲ್ಲ.
ಸಂಜೆ ಗಂಡಸರು ಕತ್ತಲಿಗೆ ಮುಖ ಮಾಡಿ
ಚಿಪ್ಪೆತ್ತಿ, ಕುಡಿದು, ಉಗಿದ ಸದ್ದು
ಬೇಲಿಯಾಚೆ ಕೇಳುತ್ತ ಬೆಳೆದವಳು.
ಈಗ ಅದರ ಒಂದೊಂದಕ್ಷರ ಬಾಯಿಪಾಠ,
ಬಾಯಿಗಷ್ಟೇ ಗೊತ್ತಿಲ್ಲ.

ಮತ್ತೆ ದ್ವೀಪ. ತಾತನಿಗೆ ಫಲಿತಾಂಶ ಹೇಳಬೇಕು.
"ನಲವತ್ತೊಂದು, ನಲವತ್ತೆರಡು, ಒಂದೇ ಗಿಡ ತಾತ.
ಕಾಂಡದ ಬಣ್ಣ ಬೇರೆ, ಎಲ್ಲೋ ನಾಲ್ಕಕ್ಷರ ಬೇರೆ.
ಉಳಿದದ್ದೆಲ್ಲ ಒಂದೇ."
ಅವನು ಬಹಳ ಹೊತ್ತು ಸುಮ್ಮನಿದ್ದ. ಕಾಂಡ ಸವರಿದ.
"ಹಂದಿ ಕೊಟ್ಟದ್ದು ನಿಜ," ಎಂದ.
"ಅಣ್ಣ ಸತ್ತದ್ದೂ."
ಆಮೇಲೆ ಇದ್ದಕ್ಕಿದ್ದಂತೆ ತೊಡೆ ತಟ್ಟಿ ನಕ್ಕ:
"ಹಾಗಾದರೆ ಭಾವ, ಆ ಕಳ್ಳ,
ನನ್ನಣ್ಣನ ತೋಟದಿಂದಲೇ ಕದ್ದು
ನನಗೇ ಮಾರಿ ಹಂದಿ ಹೊಡೆದುಕೊಂಡ!"

ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು: ಹಂದಿ, ಒಂದು. ಬಾಕಿ.

ಹೊರಡುವಾಗ ಅವನು ಮೂರು ಗೆಣ್ಣಿನ ತುಂಡೊಂದನ್ನು,
ಬುಡದಲ್ಲಿ ಒಂದು ಎಳೆ ಬೇರು ಹಾಗೇ ಬಿಟ್ಟು,
ಬಾಳೆಲೆಯಲ್ಲಿ ಸುತ್ತಿ ಕೊಟ್ಟ.
ಏನೂ ಹೇಳಲಿಲ್ಲ. ಮುಖ ಬೇರೆ ಕಡೆ ತಿರುಗಿಸಿದ್ದ.

ದೋಣಿ ದಡ ಬಿಟ್ಟ ಮೇಲೆ, ಯಾರೂ ನೋಡದಾಗ,
ಆ ಎಳೆಯನ್ನು ಹಲ್ಲಿನಲ್ಲಿ ಕಡಿದಳು.
ಮಣ್ಣು. ಮೆಣಸು. ಮತ್ತೆ ಮಣ್ಣು.
ಎಲ್ಲಿ ಇಳಿಯುವುದು ಎಂದು ದೋಣಿಯವನು ಕೇಳಿದ.
ಹೇಳಲು ನಾಲಿಗೆಗೆ ಸ್ವಲ್ಪ ಹೊತ್ತು ಹಿಡಿಯಿತು.